ಕೊಂಬೆ ಹಿಡಿದವಳು

ನಮ್ಮ ಅತ್ತಿಗೆ ಅಮುದಾ ಒಂದೇ ಹೊತ್ತಿಗೆ ನಾಲ್ಕು ಮಾತಾಡಿದರೆ ಅವತ್ತು ನಮ್ಮೂರು ತೇವಾರಂಗೆ ಮಳೆ ಬರುತ್ತದೆ ಅಂತ ನಾನು ಅವಳು ಸೊಸೆಯಾಗಿ ಬಂದ ಹೊಸತರಿಂದಲೂ ಕಾಡಿಸುತ್ತ ಬಂದಿದ್ದೇನೆ. ಏನು ಅಡಿಗೆ ಎಂದು ಕೇಳಿದರೆ ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಅಂಥ ಹೆಂಗಸು ಮೊಬೈಲಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಒಂದು ಇಡೀ ನಾಡನ್ನು ಸೃಷ್ಟಿಸಿದ್ದಾಳೆ. ಆ ನಾಡಿನಲ್ಲಿ ಎರಡು ನದಿ, ಕೋಪ ಬಂದರೆ ಎಲೆ ಉದುರಿಸುವ ಮರಗಳು, ಕೊಂಬಿನ ತುದಿಯಲ್ಲಿ ದೀಪ ಹೊತ್ತಿಸಿಕೊಂಡು ನಡೆಯುವ ಹೋರಿಗಳು. ಅಲ್ಲಿಯ ಒಂದೊಂದು ಗುಡ್ಡಕ್ಕೂ ಒಂದೊಂದು ಬಾವಿಗೂ ಹೆಸರಿದೆ. ಹೆಸರಿಡದೆ ಒಂದು ಕಲ್ಲನ್ನೂ ಬಿಟ್ಟವಳಲ್ಲ ಅವಳು. ಆ ನಾಡಿನ ಜನ ಬೆಳಗ್ಗೆ ಎದ್ದು ಏನು ತಿನ್ನುತ್ತಾರೆ ಅಂತ ಮಲೇಷ್ಯಾದಿಂದ ಯಾರೋ ಓದುಗರು ಕೇಳಿದರೆ ಅವರಿಗೆ ಪುಟಗಟ್ಟಲೆ ಉತ್ತರ. ಮನೆಯಲ್ಲಿ ಕೇಳಿದವರಿಗೆ ಮಾತ್ರ ಮುಚ್ಚಳ.

ನಾನು ತಿಲಗವತಿ. ಅಮುದಾಳ ಗಂಡ ಮುತ್ತುಸಾಮಿ ನನ್ನ ಅಣ್ಣ. ಚಿನ್ನಮನೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ನಾನೂ ಕಾದಂಬರಿ ಬರೆಯುತ್ತೇನೆ, ಅದೂ ಇಂಥದೇ ಮಾಯಾಲೋಕದ ಕಾದಂಬರಿ. ನನ್ನ ಲೋಕದ ಹೆಸರು ನೆರಳೂರು. ಅಲ್ಲಿ ನೆರಳುಗಳು ಯಜಮಾನರ ಮೇಲೆ ಮುನಿಸಿಕೊಂಡು ಊರು ಬಿಟ್ಟು ಹೋಗುತ್ತವೆ. ಪ್ರತಿ ಅಧ್ಯಾಯದಲ್ಲೂ ಜಗಳ ಇರುತ್ತದೆ, ಜಗಳ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೂ ನನಗಿಂತ ಅತ್ತಿಗೆಗೇ ಓದುಗರು ಜಾಸ್ತಿ. ಹೊಟ್ಟೆ ಉರಿಯುವುದಿಲ್ಲವೇ ಅಂತ ಕೇಳಿದರೆ ಉರಿಯುತ್ತದೆ ಅಂತಲೇ ಹೇಳುತ್ತೇನೆ, ಮುಚ್ಚಿಡುವುದು ನನ್ನ ಜಾಯಮಾನವಲ್ಲ. ನಾವಿಬ್ಬರೂ ಬರೆಯುವುದು ತಮಿಳಿನಲ್ಲಿ, ಶಾಲೆಯಲ್ಲಿ ಕಲಿತದ್ದು ಅದನ್ನೇ. ಕನ್ನಡ ನಮಗೆ ಮನೆಯೊಳಗಿನ ಮಾತು, ಉಣ್ಣುವುದಕ್ಕೆ, ಬೈಯುವುದಕ್ಕೆ, ಮಗು ಮಲಗಿಸುವುದಕ್ಕೆ. ಅದರ ಅಕ್ಷರವನ್ನು ನಾನು ಕಲಿತದ್ದು ತೀರ ಈಚೆಗೆ, ಮೊಬೈಲ್ ನೋಡಿಕೊಂಡು. ತಪ್ಪು ಕಂಡರೆ ನಕ್ಕು ಮುಂದೆ ಹೋಗಿ. ಈ ಸಂಗತಿಯನ್ನು ಮಾತ್ರ ತಮಿಳಿನಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ.

ಅಣ್ಣನದು ದ್ರಾಕ್ಷಿ ತೋಟ. ಅತ್ತಿಗೆಯ ಹಗಲೆಲ್ಲ ಚಪ್ಪರದ ಕೆಳಗೇ ಕಳೆಯುತ್ತದೆ. ಚಪ್ಪರದ ಕಲ್ಲುಕಂಬಕ್ಕೆ ಒಂದು ಬಟ್ಟೆಯ ಚೀಲ ನೇತುಹಾಕಿ ಅದರಲ್ಲಿ ಮೊಬೈಲ್ ಇಟ್ಟಿರುತ್ತಾಳೆ. ಬಳ್ಳಿ ಕಟ್ಟುತ್ತ ಕಟ್ಟುತ್ತ ಏನೋ ಹೊಳೆದರೆ ಕೈ ಒರೆಸಿಕೊಂಡು ಬಂದು ಎರಡು ಸಾಲು ಒತ್ತಿ ಮತ್ತೆ ಬಳ್ಳಿಗೆ ಹೋಗುತ್ತಾಳೆ. ಹೀಗೇ ವಾರಕ್ಕೊಂದು ಅಧ್ಯಾಯದಂತೆ ಮೊಬೈಲಿನಲ್ಲೇ ಪ್ರಕಟವಾಗುತ್ತ ಒಂದು ದೊಡ್ಡ ಕಾದಂಬರಿ ಬೆಳೆದು ನಿಂತಿತು. ಬೆಳೆಯಲು ಬಿಟ್ಟವಳು ನಮ್ಮ ಅವ್ವ ರಂಗಮ್ಮಾಳ್. ಸೊಸೆ ಬರೆಯುತ್ತಾಳೆ ಅಂತ ತಿಳಿದ ಮೇಲೆ ಅವ್ವ ಒಂದು ಮಾತೂ ಆಡದೆ ಸಂಜೆಯ ಅಡಿಗೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಮ್ಮ ಮನೆಯಲ್ಲಿ ಎರಡು ಕಾಲವೂ ಸೊಸೆಗೇ ಅಂತ ನಾನು ಚುಚ್ಚಿದರೆ ಅವ್ವ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವ್ವನಿಗೆ ಓದಲು ಬರುವುದಿಲ್ಲ. ಭಾನುವಾರ ನಾನು ತವರಿಗೆ ಹೋದಾಗ ಆ ವಾರ ಮೊಬೈಲಿನಲ್ಲಿ ಬಂದ ಅಧ್ಯಾಯವನ್ನು ಅವಳಿಗೆ ಓದಿ ಹೇಳಬೇಕು. ಅವ್ವ ಕಥೆಯ ಜನರನ್ನು ಪಕ್ಕದ ಬೀದಿಯವರಂತೆ ವಿಚಾರಿಸಿಕೊಳ್ಳುತ್ತಿದ್ದಳು. ರಾಣಿಯ ಅತ್ತೆಗೆ ಮಂಡಿನೋವು ಅಂತ ಬರೆದಿದ್ದೀಯಲ್ಲ, ಅವಳನ್ನು ಯಾಕೆ ಮಹಡಿಯ ಮೇಲೆ ಮಲಗಿಸಿದ್ದೀಯ ಅಂತ ಒಮ್ಮೆ ಸೊಸೆಯನ್ನು ಕೇಳಿದಳು. ಮುಂದಿನ ವಾರವೇ ಆ ಮುದುಕಿ ಕೆಳಗಿನ ಕೋಣೆಗೆ ಇಳಿದು ಬಂದಿದ್ದಳು. ನನ್ನ ನೆರಳೂರಿನ ಬಗ್ಗೆ ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಇವರಿಗೆಲ್ಲ ಬೇರೆ ಕೆಲಸ ಇಲ್ಲವಾ ಅಂತ.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಮನೆಯ ಹಳೆಯ ಕಥೆ ನಿಮಗೆ ಗೊತ್ತಿರಬೇಕು. ನಮ್ಮವರು ತಮಿಳು ಸೀಮೆಯ ಈ ಕಂಬಂ ಕಣಿವೆಗೆ ಬಂದು ಎಷ್ಟೋ ತಲೆಮಾರಾಯಿತು, ಬಂದದ್ದು ತುಂಗಭದ್ರೆಯ ಕಡೆಯಿಂದ. ಅಲ್ಲಿ ನಮ್ಮ ಮನೆತನದ ಮಗಳು ಬೊಮ್ಮಕ್ಕನನ್ನು ತನಗೆ ಕೊಡಬೇಕೆಂದು ಆ ನಾಡಿನ ದೊರೆ ಹಟ ಹಿಡಿದನಂತೆ. ಕೊಡಲು ಒಪ್ಪದೆ ಇಡೀ ಜನ ದನಕರು ಹೊಡೆದುಕೊಂಡು ಹೊರಟರಂತೆ. ಹಿಂದೆ ದೊರೆಯ ಕುದುರೆಗಳು, ಮುಂದೆ ತುಂಬಿದ ಹೊಳೆ. ಬೊಮ್ಮಕ್ಕ ಕೈಮುಗಿದಳು. ಈ ದಡದ ಹೊಂಗೆಮರವೂ ಆ ದಡದ ಹೊಂಗೆಮರವೂ ಒಂದಕ್ಕೊಂದು ತಲೆ ಬಾಗಿಸಿ ಸೇತುವೆಯಾದವು. ಎಲ್ಲರೂ ದಾಟಿದರು, ಮರಗಳು ಮತ್ತೆ ನೆಟ್ಟಗೆ ನಿಂತವು. ಅದಕ್ಕೇ ನಾವು ಹೊಂಗೆಯನ್ನು ಕಡಿಯುವುದಿಲ್ಲ, ಅದರ ಕಡ್ಡಿಯಲ್ಲಿ ಹಲ್ಲು ಕೂಡ ಉಜ್ಜುವುದಿಲ್ಲ. ಬೊಮ್ಮಕ್ಕನೇ ನಮ್ಮ ಮನೆದೇವರು. ನಮ್ಮ ಮನೆಯಲ್ಲಿ ಹುಟ್ಟುವ ಹಿರಿಯ ಮಗಳಿಗೆ ತೊಟ್ಟಿಲಲ್ಲಿ ಆ ಹೆಸರನ್ನೇ ಇಡುತ್ತಾರೆ. ನನ್ನ ತೊಟ್ಟಿಲ ಹೆಸರೂ ಬೊಮ್ಮಕ್ಕ, ತಿಲಗವತಿ ಅಂತ ಆದದ್ದು ಶಾಲೆಗೆ ಸೇರಿಸುವಾಗ. ಮರವನ್ನೇ ಬಗ್ಗಿಸಿದವಳ ಹೆಸರು ನನ್ನದು ಅಂತ ಚಿಕ್ಕಂದಿನಿಂದಲೂ ನನಗೆ ಜಂಬ.

ಇನ್ನೊಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ಹಿರಿಯರ ಪೂಜೆ ಮಾಡುವ ದಿನ ಎಲ್ಲ ಎಲೆಗಳಿಗೂ ಬಡಿಸಿದ ಮೇಲೆ, ಉಪ್ಪು ಹಾಕದೆ ಬೇರೆಯಾಗಿ ಮಾಡಿದ ಅಡಿಗೆಯನ್ನು ಒಂದು ಬಾಳೆಲೆಗೆ ಬಡಿಸಿ ಹಿತ್ತಲಿನ ಹೊಂಗೆಮರದ ಕೆಳಗೆ ಇಟ್ಟು ಬರುತ್ತಾರೆ. ಪಕ್ಕದಲ್ಲಿ ಒಂದು ಚೊಂಬು ನೀರು. ಇಟ್ಟವರು ತಿರುಗಿ ನೋಡದೆ ಬರಬೇಕು. ಆ ಎಲೆಯನ್ನು ಮನೆಯ ಸೊಸೆಯಂದಿರು ಮಾತ್ರ ಮುಟ್ಟಬಹುದು. ಚಿಕ್ಕವಳಿದ್ದಾಗ ನಾನು ಆಸೆಪಟ್ಟು ಆ ಚೊಂಬಿಗೆ ಕೈ ಹಾಕಿದ್ದಕ್ಕೆ ಅವ್ವ ನನ್ನ ಕೆನ್ನೆಗೆ ಬಾರಿಸಿದ್ದಳು. ಇದು ಯಾರಿಗೆ, ಉಪ್ಪು ಯಾಕಿಲ್ಲ ಅಂತ ಕೇಳಿದರೆ ಹಿರಿಯರು ಮಾಡಿಟ್ಟ ಪದ್ಧತಿ ಅನ್ನುವುದೊಂದೇ ಉತ್ತರ. ಸೊಸೆಯಾಗಿ ಬಂದ ಅಮುದಾ ಮೊದಲ ವರ್ಷವೇ ಅವ್ವನ ಜೊತೆ ಆ ಎಲೆ ಹಿಡಿದುಕೊಂಡು ಹಿತ್ತಲಿಗೆ ಹೋದಾಗ ನನಗೆ ಮೈಯೆಲ್ಲ ಉರಿದಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಿಲ್ಲದ್ದು ನಿನ್ನೆ ಬಂದವಳಿಗೆ.

ಹೋದ ವರ್ಷ ಒಳ್ಳೆಯ ಸುದ್ದಿ ಬಂತು. ಅತ್ತಿಗೆಯ ಕಾದಂಬರಿಯನ್ನು ಪುಸ್ತಕ ಮಾಡುತ್ತೇವೆ ಅಂತ ಒಬ್ಬ ಪ್ರಕಾಶಕರು ಮುಂದೆ ಬಂದರು. ಮೊಬೈಲಿನಲ್ಲಿ ಬಾರದ ಒಂದು ಹೊಸ ಕೊನೆಯ ಅಧ್ಯಾಯ ಬೇಕು ಅಂತ ಕೇಳಿದರು. ಅತ್ತಿಗೆ ನಮ್ಮ ಹೊಂಗೆಮರದ ಕಥೆಯನ್ನೇ ತನ್ನ ನಾಡಿಗೆ ತಂದು ಆ ಅಧ್ಯಾಯ ಬರೆದಳು. ಆದರೆ ಒಂದು ಕಡೆ ತಿರುಗಿಸಿದಳು. ಅವಳ ಕಥೆಯಲ್ಲಿ ಮರ ತಾನಾಗಿ ಬಗ್ಗುವುದಿಲ್ಲ. ದೊರೆ ಕೇಳಿದ ಆ ಹುಡುಗಿಯೇ ಈ ದಡದಲ್ಲಿ ನಿಂತು ಮರದ ಕೊಂಬೆಯನ್ನು ಬಗ್ಗಿಸಿ ಹಿಡಿದುಕೊಳ್ಳುತ್ತಾಳೆ. ಅವಳು ಹಿಡಿದಿರುವ ತನಕ ಜನ ದಾಟುತ್ತಾರೆ. ಅವಳು ಮಾತ್ರ ದಾಟುವಂತಿಲ್ಲ, ಕೈ ಬಿಟ್ಟರೆ ಸೇತುವೆ ಇರುವುದಿಲ್ಲ. ದಾಟಿದವರು ಮುಂದೆ ವರ್ಷಕ್ಕೊಮ್ಮೆ ಅವಳಿಗಾಗಿ ಒಂದು ಎಲೆ ಇಡುತ್ತಾರೆ.

ಇದು ಹೇಗೆ ಹೊಳೆಯಿತು ಅಂತ ಕೇಳಿದೆ. ಬಳ್ಳಿ ಕಟ್ಟುವಾಗ ಹೊಳೆಯಿತು ಅಂದಳು. ಚಪ್ಪರದ ಮೇಲೆ ಹೋಗುತ್ತಿರುವ ಬಳ್ಳಿಯನ್ನು ತಂತಿಗೆ ತರಬೇಕಾದರೆ ಒಬ್ಬರು ಅದನ್ನು ಬಗ್ಗಿಸಿ ಹಿಡಿದಿರಬೇಕು, ಇನ್ನೊಬ್ಬರು ಗಂಟು ಹಾಕಬೇಕು. ತಾನಾಗಿ ಬಗ್ಗುವ ಗಿಡವನ್ನು ನಾನು ಇದುವರೆಗೆ ನೋಡಿಲ್ಲ, ಅಲ್ಲೂ ಯಾರೋ ಹಿಡಿದಿರಲೇಬೇಕು ಅನ್ನಿಸಿತು ಅಂದಳು. ನನಗೆ ಒಳಗೊಳಗೇ ಖುಷಿ. ಕೊಂಬೆ ಹಿಡಿದವಳು ಬೊಮ್ಮಕ್ಕ ಅಂದರೆ ಒಂದು ಲೆಕ್ಕದಲ್ಲಿ ನಾನೇ ತಾನೇ. ಕೊನೆಗೂ ಈ ಮಹಾತಾಯಿಯ ಕಥೆಯಲ್ಲಿ ನನಗೊಂದು ಜಾಗ ಸಿಕ್ಕಿತಲ್ಲ ಅಂದುಕೊಂಡೆ.

ಆ ಭಾನುವಾರ ಅವ್ವ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಅಭಿನಯ ಸಮೇತ ಓದಿದೆ. ಹುಡುಗಿ ಕೊಂಬೆ ಹಿಡಿದು ನಿಂತ ಕಡೆ ಬಂದಾಗ ತಲೆಯೆತ್ತಿ ನೋಡಿದರೆ ಅವ್ವನ ಕೈ ನಿಂತಿದೆ. ಕೊನೆಗೆ ಆ ಎಲೆಯ ಮಾತು ಬಂದಾಗ ಮಡಿಲಲ್ಲಿದ್ದ ಮೊರ ಜಾರಿ ಬಿದ್ದು ಹುಣಸೆ ಬೀಜವೆಲ್ಲ ಚೆಲ್ಲಿತು. ಅವ್ವ ಅದನ್ನು ಬಾಚಿಕೊಳ್ಳಲೂ ಇಲ್ಲ. ಚೆಲ್ಲಿದ ಕಾಳನ್ನು ಬಿಟ್ಟು ಏಳುವ ಹೆಂಗಸಲ್ಲ ಅವಳು.

"ಇದ್ನ ಅವ್ಳಿಗೆ ಯಾರು ಯೋಳಿದ್ದು?" ಅಂದಳು.

ಯಾರೂ ಹೇಳಿಲ್ಲ ಅವ್ವ, ಅವಳೇ ಊಹಿಸಿ ಬರೆದದ್ದು ಅಂದೆ. ಅವ್ವ ನನ್ನ ಮುಖವನ್ನೇ ನೋಡಿದಳು, ನಾನು ಸುಳ್ಳು ಹೇಳುತ್ತಿದ್ದೇನೇನೋ ಎಂಬಂತೆ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, "ಇದು ಅಚ್ಚಾಗ್ಬಾರ್ದು" ಅಂತ ಹೇಳಿ ಒಳಗೆ ಹೋಗಿ ಮಲಗಿಬಿಟ್ಟಳು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ಕಂಡದ್ದೇ ಇಲ್ಲ.

ಸಂಜೆ ತೋಟದಿಂದ ಬಂದ ಅತ್ತಿಗೆಗೆ ನಾನೇ ವಿಷಯ ಹೇಳಿದೆ. ದೇವರನ್ನು ಆ ದಡದಲ್ಲೇ ಬಿಟ್ಟುಬಂದ ಹಾಗೆ ಬರೆದದ್ದಕ್ಕೆ ಅತ್ತೆಗೆ ಸಿಟ್ಟು ಬಂದಿದೆ ಅಂತ ನಾವಿಬ್ಬರೂ ತಿಳಿದೆವು. ಬೇರೆ ಏನು ತಿಳಿಯಲು ಸಾಧ್ಯ? ಅಣ್ಣನನ್ನು ಕೇಳಿದರೆ, ಹೆಂಗಸರ ವಿಷಯಕ್ಕೆ ನನ್ನನ್ನು ಎಳೆಯಬೇಡಿ ಅಂತ ಮೋಟರ್ ಹಾಕುವ ನೆಪದಲ್ಲಿ ತೋಟಕ್ಕೆ ಹೋದ. ಅತ್ತಿಗೆ ಕೈಕಾಲು ತೊಳೆದು ಬಂದು ಹೇಳಿದ್ದು ಇಷ್ಟೇ:

"ಅತ್ತೆ ಬ್ಯಾಡ ಅಂದ್ರೆ ಬ್ಯಾಡ. ಆ ಅಧ್ಯಾಯ ಇಲ್ದೆ ಪುಸ್ತ್ಕಾನೂ ಬ್ಯಾಡ."

ನನಗೆ ಕೋಪ ನೆತ್ತಿಗೇರಿತು. ಎಷ್ಟು ವರ್ಷ ಚಪ್ಪರದ ಕೆಳಗೆ ನಿಂತು ಬರೆದದ್ದು. ಅದು ಒಬ್ಬ ಮುದುಕಿಯ ಒಂದು ಮಾತಿಗೆ ಮಣ್ಣಾಗಬೇಕೇ? ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ, ಆದರೆ ಅವಳ ಪುಸ್ತಕ ನಿಲ್ಲಲಿ ಅಂತ ನಾನು ಯಾವತ್ತೂ ಬಯಸಿದವಳಲ್ಲ. ಒಳಗೆ ಹೋಗಿ ಅವ್ವನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಇದು ಕಟ್ಟುಕಥೆ, ಇಲ್ಲದ ಲೋಕ, ಅಲ್ಲಿ ಯಾರು ಹೊಳೆ ದಾಟಿದರೆ ನಿನಗೇನು ಅಂದೆ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದವಳು ತಿರುಗಲೂ ಇಲ್ಲ. ನಾನು ಕೂಗಿ ಸುಸ್ತಾದ ಮೇಲೆ, ದಿಂಡಿಗಲ್‌ನ ನಿಮ್ಮ ಕೂಟದಲ್ಲಿ ಅದನ್ನು ಓದುವುದು ಯಾವತ್ತು ಅಂತ ಕೇಳಿದಳು. ಮುಂದಿನ ಭಾನುವಾರ ಅಂದೆ. ತಾನೂ ಬರುತ್ತೇನೆ ಅಂದಳು. ಅಚ್ಚಾಗಬಾರದು ಅನ್ನುವವಳು ಕೇಳಲು ಯಾಕೆ ಬರಬೇಕು ಅಂತ ನನಗೆ ಅರ್ಥವಾಗಲಿಲ್ಲ.

ದಿಂಡಿಗಲ್‌ನಲ್ಲಿ ನಮ್ಮದೊಂದು ಕೂಟ ಇದೆ. ಜೆಯಕುಮಾರ್ ಎಂಬವರ ಬೀಗದ ಕಾರ್ಖಾನೆಯ ಮಹಡಿಯ ಮೇಲೆ ಆಗಾಗ ಸೇರುತ್ತೇವೆ. ಅವರೂ ಕಾದಂಬರಿಕಾರರೇ. ಅವರ ಲೋಕದಲ್ಲಿ ಒಂದೊಂದು ಮಗುವೂ ಎದೆಯ ಮೇಲೆ ಒಂದು ಬೀಗದೊಂದಿಗೆ ಹುಟ್ಟುತ್ತದೆ, ಅದರ ಕೀಲಿಕೈ ಗುರುತು ಪರಿಚಯವಿಲ್ಲದ ಇನ್ಯಾರ ಹತ್ತಿರವೋ ಇರುತ್ತದೆ. ನನ್ನ ಬಾಯಿಗೆ ಒಂದು ಒಳ್ಳೆಯ ಬೀಗ ಮಾಡಿಕೊಡುತ್ತೇನೆ ಅಂತ ಅವರು ಯಾವಾಗಲೂ ತಮಾಷೆ ಮಾಡುತ್ತಾರೆ. ಊರಿಗೆಲ್ಲ ಬೀಗ ಮಾಡುವ ನಿಮ್ಮಿಂದಲೂ ಆಗದ ಕೆಲಸ ಅದು ಅಂತ ನಾನು ಹೇಳುತ್ತೇನೆ.

ಭಾನುವಾರ ಮೂವರೂ ಬಸ್ಸು ಹತ್ತಿದೆವು. ಅತ್ತಿಗೆ ಕಿಟಕಿಯ ಪಕ್ಕ, ನಡುವೆ ಅವ್ವ, ಈಚೆ ನಾನು. ತೇನಿಯಲ್ಲಿ ಬಸ್ಸು ಬದಲಿಸಿದಾಗಲೂ ಅವರಿಬ್ಬರೂ ಒಂದು ಮಾತಾಡಲಿಲ್ಲ. ಅತ್ತಿಗೆ ಮಾತಾಡದಿರುವುದು ಹೊಸದಲ್ಲ, ಆದರೆ ಅವ್ವ ಬಾಯಿ ಮುಚ್ಚಿ ಕೂತದ್ದು ನನ್ನನ್ನು ಹೆದರಿಸಿತು. ದಾರಿಯುದ್ದಕ್ಕೂ ಅವಳು ಸೊಸೆಯ ಕೈಯನ್ನು ಹಿಡಿದುಕೊಂಡೇ ಇದ್ದಳು. ಸಿಟ್ಟಿದ್ದರೆ ಕೈ ಯಾಕೆ ಹಿಡಿದಿದ್ದಾಳೆ ಅಂತ ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು.

ಮಹಡಿಯಲ್ಲಿ ಜನ ಸೇರಿದ್ದರು. ಕೆಳಗಿನಿಂದ ಅರ ಉಜ್ಜುವ ಸದ್ದು ಬರುತ್ತಲೇ ಇತ್ತು, ಭಾನುವಾರವೂ ಅಲ್ಲಿ ಒಬ್ಬರೋ ಇಬ್ಬರೋ ಕೆಲಸ ಮಾಡುತ್ತಾರೆ. ಮೊದಲು ಮಾಮೂಲಿ ಮಾತುಕತೆ ನಡೆಯಿತು. ಪಾತ್ರಗಳು ನನ್ನ ಮಾತು ಕೇಳುವುದಿಲ್ಲ, ಅವುಗಳ ದಾರಿಗೆ ನಾನೇ ಹೋಗಬೇಕು ಅಂತ ಜೆಯಕುಮಾರ್ ಹೇಳಿದರು. ನನ್ನವು ಕೇಳುತ್ತವೆ, ಕೇಳದಿದ್ದರೆ ಮುಂದಿನ ಅಧ್ಯಾಯದಲ್ಲಿ ಕಾಲು ಮುರಿಯುತ್ತೇನೆ ಅಂದೆ. ಎಲ್ಲರೂ ನಕ್ಕರು. ಕಲ್ಪನೆಯ ಲೋಕಕ್ಕೂ ಒಂದು ನ್ಯಾಯ ಇರಬೇಕಾ, ಅಥವಾ ಬರೆಯುವವನೇ ಅಲ್ಲಿಯ ದೊರೆಯಾ ಅಂತ ಯಾರೋ ಕೇಳಿದರು. ದೊರೆಯೇ ಅಂದೆ ನಾನು. ಅತ್ತಿಗೆ ಅತ್ತೆಯ ಕಡೆಗೇ ನೋಡುತ್ತಿದ್ದಳು.

ಅಮುದಾ ಓದಲಿ ಅಂದರು. ಅವಳು ಎದ್ದು ನಿಂತು, ಇವತ್ತು ಓದಲು ಏನೂ ತಂದಿಲ್ಲ ಅಂತ ಹೇಳಲು ಹೊರಟಳು. ಆಗ ಅವ್ವ ಮೂಲೆಯ ಕುರ್ಚಿಯಿಂದ ನಮ್ಮ ಭಾಷೆಯಲ್ಲಿ, "ಓದು ಕಣ್ಣು" ಅಂದಳು, ಮಗುವನ್ನು ಮುದ್ದಿನಿಂದ ಕರೆಯುವ ಹಾಗೆ. ಅತ್ತಿಗೆ ಮೊಬೈಲ್ ತೆಗೆದು ಓದಿದಳು. ಹುಡುಗಿಯ ತೋಳು ಸೋತು ಕೊಂಬೆ ಒಂದು ಗೇಣು ಮೇಲೆದ್ದಾಗ, ದಾಟುತ್ತಿದ್ದವರ ಕಾಲಿಗೆ ನೀರು ತಾಗಿದಾಗ, ಅವಳು ಹಲ್ಲು ಕಚ್ಚಿ ಮತ್ತೆ ಜಗ್ಗಿದಾಗ, ಕೂತವರು ಮುಂದಕ್ಕೆ ಬಗ್ಗಿ ಕೇಳಿದರು. ಮುಗಿದ ಮೇಲೆ ಜೆಯಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಇದರ ಚೆಲುವು ಎಲ್ಲಿದೆ ಅಂದರೆ, ನಿಲ್ಲು ಅಂತ ಆ ಹುಡುಗಿಗೆ ಯಾರೂ ಹೇಳಲಿಲ್ಲ, ತಾನಾಗಿ ನಿಂತಳು, ಅಂಥ ಜನರಿಂದಲೇ ಕುಲ ಉಳಿಯುವುದು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವ್ವ ಎದ್ದು ನಿಂತಳು. ಚಪ್ಪಾಳೆ ನಿಂತಿತು. ಸೊಸೆಯ ಮುಂದೆ ಬಂದು ನಿಂತು ಮೊದಲು ನನ್ನ ಕಡೆ ತಿರುಗಿದಳು.

"ತಿಲಗಾ, ನೀ ಆಚೆ ಓಗು. ಇದು ಮಗ್ಳು ಕೇಳೋ ಮಾತಲ್ಲ."

ನಾನು ಹೋಗಲಿಲ್ಲ. ಹೋಗು ಅಂದರೆ ನಿಲ್ಲುವುದು ನನ್ನ ಹುಟ್ಟುಗುಣ. ಅವ್ವ ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ನಾನು ಅಲ್ಲಿಲ್ಲ ಎಂಬಂತೆ ಸೊಸೆಯೊಂದಿಗೆ ಮಾತಾಡಿದಳು. ಅಷ್ಟು ಜನರ ನಡುವೆ ನಮ್ಮ ಮಾತು ಬಲ್ಲವರು ನಾವು ಮೂವರೇ. ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದಷ್ಟೇ ಗುಟ್ಟಾಗಿತ್ತು ಅದು.

"ಎಲೇನ ನಿನ್ನ ಕೈಗೆ ಒಪ್ಸೋ ದಿನ ಯೋಳ್ಬೇಕು ಅಂತಿದ್ದೆ. ನನ್ಗೂ ನನ್ನತ್ತೆ ಅಂಗೇ ಯೋಳಿದ್ದು. ಒಬ್ಳು ಆ ದಡದಾಗೇ ಉಳ್ದದ್ದು ನಿಜ ಕಣ್ಣು. ಅದ್ನ ನೀನು ಎಂಗೆ ಕಂಡ್ಕೊಂಡೆ ಅಂತ ನನ್ಗೆ ಗೊತ್ತಿಲ್ಲ, ಕೇಳಿ ನನ್ನ ಜೀವವೇ ಓಯ್ತು. ಆದ್ರೆ ತಾನಾಗಿ ನಿಂತ್ಳು ಅಂತ ಬರೀಬ್ಯಾಡ. ಬೊಮ್ಮಕ್ಕ ಅಲ್ಲ ಉಳ್ದವ್ಳು. ಬೊಮ್ಮಕ್ಕ ಎಲ್ರಿಗಿಂತ ಮುಂದಾಗಿ ದಾಟುದ್ಲು. ಅದೇ ಮನೆಗೆ ಒಸದಾಗಿ ಬಂದ ಸೊಸೆ ಒಬ್ಳಿದ್ಲು. ಬೊಮ್ಮಕ್ಕನ ಸೀರೆ ಅವ್ಳಿಗೆ ಉಡ್ಸಿ, ದನ ಕಟ್ಟೋ ಅಗ್ಗದಾಗೆ ಒಂಗೆಮರಕ್ಕೆ ಕಟ್ಬುಟ್ರು. ದೊರೆ ಕಡೆಯಿಂದ ಬಂದವ್ರು ಅವ್ಳೇ ಬೊಮ್ಮಕ್ಕ ಅಂತ ಅಲ್ಲೇ ನಿಂತ್ರು. ಅಷ್ಟೊತ್ತಿಗೆ ಇವ್ರು ದಾಟುದ್ರು. ಮರ ಬಗ್ಗಿದ್ದು ನಿಜವೋ ಸುಳ್ಳೋ ನನ್ಗೆ ಗೊತ್ತಿಲ್ಲ. ಅವ್ಳನ್ನ ಕಟ್ಟಿದ್ದು ನಿಜ. ಅವ್ಳು ಕೂಗ್ತಾನೇ ಇದ್ಲು. ಬೊಮ್ಮಕ್ಕ ತಿರ್ಗಿ ನೋಡ್ಲಿಲ್ಲ."

ಕೆಳಗೆ ಅರ ಉಜ್ಜುತ್ತಲೇ ಇದ್ದರು. ಇಷ್ಟು ವರ್ಷ ಜಂಬಪಟ್ಟ ಹೆಸರು ಮೈಮೇಲೆ ಬಿಸಿನೀರು ಸುರಿದಂತೆ ಸುಟ್ಟಿತು. ಮರ ಬಗ್ಗಿಸಿದವಳ ಹೆಸರಲ್ಲ ಅದು, ಇನ್ನೊಬ್ಬಳನ್ನು ಕಟ್ಟಿಸಿಟ್ಟು ದಾಟಿಹೋದವಳ ಹೆಸರು. ಚೊಂಬಿಗೆ ಕೈ ಹಾಕಿದ್ದಕ್ಕೆ ಬಿದ್ದ ಏಟು ಯಾಕೆಂದು ಆಗ ತಿಳಿಯಿತು. ಆ ಎಲೆಯನ್ನು ಸೊಸೆಯಂದಿರು ಸೊಸೆಗೆ ಇಡುತ್ತ ಬಂದದ್ದು. ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅದರಲ್ಲಿ ಪಾಲಿಲ್ಲ, ಹೆಣ್ಣುಮಕ್ಕಳು ದಾಟಿದವರು.

ಅತ್ತಿಗೆ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಆ ಎಲೆಗೆ ಉಪ್ಪು ಯಾಕಿಲ್ಲ ಅಂತ ಕೇಳಿದಳು. ಆ ಸೊಸೆಗೆ ಇನ್ನು ನಮ್ಮ ಮನೆಯ ಉಪ್ಪಿನ ಹಂಗು ಬೇಡ ಅಂತ ಹಿಂದಿನ ಯಾರೋ ಅತ್ತೆ ಮಾಡಿದ ಪದ್ಧತಿಯಂತೆ. ಆಮೇಲೆ ಅತ್ತಿಗೆ, ಕಲ್ಲಿಗೂ ಹೆಸರಿಡುವವಳು, ಇನ್ನೊಂದು ಪ್ರಶ್ನೆ ಕೇಳಿದಳು.

"ಅವ್ಳ ಎಸ್ರೇನು ಅತ್ತೆ?"

"ಗೊತ್ತಿಲ್ಲ ಕಣ್ಣು. ಮಗ್ಳ ಎಸ್ರು ಇಟ್ಕೊಂಡ್ರು. ಅವ್ಳ ಎಸ್ರು ಯಾರೂ ಇಟ್ಕೊಳ್ಲಿಲ್ಲ."

ಅತ್ತಿಗೆ ಅಳಲು ತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತದ್ದನ್ನು ನಾನು ಕಂಡವಳಲ್ಲ. ಅವ್ವ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಕೂಟದವರೆಲ್ಲ ಗಾಬರಿಯಾಗಿ ಮುಖ ಮುಖ ನೋಡಿಕೊಂಡರು. ಜೆಯಕುಮಾರ್ ನನ್ನ ಹತ್ತಿರ ಬಂದು, ಅಮ್ಮ ಏನು ಹೇಳಿದರು ಅಂತ ಮೆಲ್ಲಗೆ ಕೇಳಿದರು. ಅಧ್ಯಾಯ ತಪ್ಪಾಗಿದೆಯಂತೆ ಅಂದೆ. ಅವರು ಇನ್ನೂ ಗಾಬರಿಯಾದರು. ಇಲ್ಲದ ಲೋಕ, ಇಲ್ಲದ ಹುಡುಗಿ, ಅದರಲ್ಲಿ ತಪ್ಪು ಹೇಗೆ ಬರುತ್ತದೆ ಅಂತ ಕೇಳಿದರು. ಬರುತ್ತದೆ ಅಂತಷ್ಟೇ ಹೇಳಿದೆ.

ಅತ್ತಿಗೆ ಆ ಅಧ್ಯಾಯವನ್ನು ಮತ್ತೆ ಬರೆದಳು. ಈ ಸಲ ತೋಟದಲ್ಲಿ ಅಲ್ಲ, ಅಡಿಗೆಮನೆಯಲ್ಲಿ ಕೂತು, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹೊರಗಿನವರಿಗೆ ಇದು ತಿಳಿಯಬಹುದಾ ಅಂತ ನಾನು ಅವ್ವನನ್ನು ಕೇಳಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ಅವಳ ಹೆಸರೇ ಹೋಯಿತು, ಇನ್ನೇನು ಉಳಿಸಿಕೊಳ್ಳುವುದಿದೆ ಅಂದಳು. ಬರೆದು ಮುಗಿದ ಮೇಲೆ ಓದಿಸಿ ಕೇಳಿ, ಈಗ ಅಚ್ಚು ಹಾಕಿಸು ಅಂದಳು. ಪುಸ್ತಕ ಬಂತು. ಮೊದಲಿನದೇ ಚೆನ್ನಾಗಿತ್ತು, ಇಷ್ಟು ಕಟುವಾಗಿ ಯಾಕೆ ಮುಗಿಸಿದಿರಿ ಅಂತ ಕೂಟದವರು ಕೆಲವರು ಬೇಜಾರು ಮಾಡಿಕೊಂಡರು. ಆ ಪುಸ್ತಕದಲ್ಲಿ ಗುಡ್ಡಕ್ಕೂ ಬಾವಿಗೂ ಹೋರಿಗೂ ಹೆಸರಿದೆ, ಮರಕ್ಕೆ ಕಟ್ಟಿದವಳಿಗೆ ಇಲ್ಲ. ಮೊದಲು ದಾಟಿ ಹೋದ ಮಗಳಿಗೆ ಏನು ಹೆಸರಿಡಲಿ ಅಂತ ಕೇಳಲು ಅತ್ತಿಗೆ ಸಂಕೋಚಪಡುತ್ತಿದ್ದಳು. ನಾನೇ ಹೇಳಿದೆ, ಬೊಮ್ಮಕ್ಕ ಅಂತಲೇ ಇಡು, ನಾನೇನು ಜಗಳಕ್ಕೆ ಬರುವುದಿಲ್ಲ ಅಂತ.

ಈ ವರ್ಷದ ಹಿರಿಯರ ಪೂಜೆಗೆ ನಾನು ತೇವಾರಂಗೆ ಹೋದೆ. ಅವ್ವ ಉಪ್ಪಿಲ್ಲದ ಎಲೆಯನ್ನು ಸೊಸೆಯ ಕೈಗೆ ಒಪ್ಪಿಸಿ ತಾನು ಹಿತ್ತಿಲ ಬಾಗಿಲಲ್ಲೇ ಕೂತಳು. ನಾನು ಯಾವತ್ತಿನಂತೆ ದೂರದಲ್ಲಿ ನಿಂತಿದ್ದೆ. ಅತ್ತಿಗೆ ಹೊಂಗೆಮರದ ಕೆಳಗೆ ಎಲೆ ಇಟ್ಟು, ನೆಲ ಒರೆಸಿ, ಅಲ್ಲಿಂದಲೇ ನನ್ನ ಕಡೆ ನೋಡಿದಳು.

"ಬೊಮ್ಮಕ್ಕ, ನೀರು ತಕ್ಕೊಂಡು ಬಾ" ಅಂದಳು.

ಆ ಹೆಸರಿನಿಂದ ಅವಳು ನನ್ನನ್ನು ಕರೆದದ್ದು ಅದೇ ಮೊದಲು. ನಾನು ಅವ್ವನ ಮುಖ ನೋಡಿದೆ, ಕೆನ್ನೆಗೆ ಬೀಳಬಹುದು ಅಂತ ಈ ವಯಸ್ಸಿನಲ್ಲೂ ಹೆದರಿಕೆಯಾಯಿತು. ಅವ್ವ ನನಗೆ ದಾರಿ ಬಿಡಲು ಕಾಲು ಮಡಚಿಕೊಂಡಳು. ಅತ್ತಿಗೆ ನನಗೆ ಕೆಲಸ ಹೇಳಿದ್ದೂ ಇಲ್ಲ, ಹೇಳಿದ್ದರೆ ನಾನು ಎದುರು ಮಾತಾಡದೆ ಮಾಡುತ್ತಿದ್ದದ್ದೂ ಇಲ್ಲ. ಅವತ್ತು ಚೊಂಬು ತೊಳೆದೆ, ನೀರು ತುಂಬಿದೆ, ತೆಗೆದುಕೊಂಡು ಹೋಗಿ ಎಲೆಯ ಪಕ್ಕದಲ್ಲಿಟ್ಟೆ. ಅತ್ತಿಗೆ ಪದ್ಧತಿಯಂತೆ ತಿರುಗಿ ನೋಡದೆ ಮನೆಯ ಕಡೆ ನಡೆದಳು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿದೆ.